ಕೈ ಮುಗಿದು ನಿಂತ ಶಿವಮೂರ್ತಿ

ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಶಿವಮೂರ್ತಿಯಷ್ಟು ಮಾತಾಡುವ ಗಂಡಸು ಇನ್ನೊಬ್ಬನಿರಲಿಲ್ಲ. ಇರಲಿಲ್ಲ ಎಂದು ಬರೆದೆ, ಆದರೆ ಅವನು ಈಗಲೂ ಅಲ್ಲೇ ಇದ್ದಾನೆ. ಬೆಳಿಗ್ಗೆ ಎಂಟೂವರೆಗೆ ಬರುತ್ತಾನೆ, ಮಿಷನ್ ಚಾಲೂ ಮಾಡುತ್ತಾನೆ, ಅವನ ಕೆಲಸದಲ್ಲಿ ಒಂದು ಕೊರತೆ ಹುಡುಕಿ ಕೊಡಿ ನೋಡೋಣ. ಹೋದದ್ದು ಮಾತು ಮಾತ್ರ. ಅದು ಹೇಗೆ ಹೋಯಿತು ಎಂದು ಬರೆಯಬೇಕೆಂದು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಅವನ ಪರವಾಗಿ ವಕಾಲತ್ತು ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಇದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಬರೆಯುತ್ತೇನೆ.

ನಾನು ನಾಗರತ್ನ, ಅದೇ ಸೆಂಟರಿನ ನರ್ಸು. ಇಪ್ಪತ್ತಾರು ವರ್ಷದಿಂದ ಜನರ ಕೈಗೆ ಸೂಜಿ ಚುಚ್ಚಿ, ಬಾಯಿ ಜೋರಿನವಳು ಎಂದು ಹೆಸರು ತೆಗೆದುಕೊಂಡಿದ್ದೇನೆ. ಸೆಂಟರ್ ಇರುವುದು ನಂಜನಗೂಡಿನಲ್ಲಿ, ಹೆಸರು ಬೇಡ. ಶಿವಮೂರ್ತಿಯದು ತಾಂಡ್ಯದ ಪಕ್ಕದ ಹಳ್ಳಿ. ಅಪ್ಪ ಚಲುವಯ್ಯ ಅಲ್ಲಿನ ಒಂದು ಫ್ಯಾಕ್ಟರಿಯ ಗೇಟು ಕಾಯುತ್ತಿದ್ದವರು, ಅವ್ವ ಮಹದೇವಮ್ಮ ಕೂಲಿಗೆ ಹೋಗುತ್ತಿದ್ದವರು. ಹಾಸ್ಟೆಲಿನಲ್ಲಿದ್ದು ಓದಿ, ಡಿಪ್ಲೊಮಾ ಮಾಡಿ, ಅವರ ಬೀದಿಯಲ್ಲಿ ಬಿಳಿ ಕೋಟು ತೊಟ್ಟ ಮೊದಲನೆಯವನು ಇವನೇ. ಆ ಕೋಟನ್ನು ಅವರವ್ವ ಬೇರೆ ಬಟ್ಟೆಯ ಜೊತೆ ಸೇರಿಸದೆ ಒಗೆಯುತ್ತಿದ್ದರಂತೆ. ನಾವು ಅದನ್ನೇ ಹಿಡಿದು ರೇಗಿಸಿದರೆ ಅವನಿಗೆ ಒಳಗೊಳಗೇ ಹೆಮ್ಮೆ.

ಅವನ ಕೆಲಸ ಏನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಬರೀ ಸ್ಕ್ಯಾನಿನಲ್ಲಿ ರಕ್ತನಾಳ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಕೈಯ ನರದೊಳಗೆ ಒಂದು ಔಷಧಿ ತಳ್ಳುತ್ತೇವೆ. ಅದು ರಕ್ತದ ಜೊತೆ ಹರಿಯುವಾಗ ಹರಿದ ದಾರಿಯೆಲ್ಲ ಪರದೆಯ ಮೇಲೆ ಬೆಳ್ಳಗೆ ಮೂಡುತ್ತದೆ. ಜನ ಅದನ್ನು ಬಣ್ಣ ಎನ್ನುತ್ತಾರೆ, ಬಾಟಲಿಯಲ್ಲಿ ನೋಡಿದರೆ ನೀರಿನ ಹಾಗೇ ಇರುತ್ತದೆ. ಒಳಗೆ ಹೋದ ಕೂಡಲೇ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಇಳಿಯುತ್ತದೆ, ಉಟ್ಟ ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಎನ್ನಿಸುತ್ತದೆ. ಹೋಗಿರುವುದಿಲ್ಲ. ಆದರೆ ಹಳ್ಳಿಯ ಹೆಂಗಸರು ಅಷ್ಟಕ್ಕೇ ನಾಚಿ ಮೈ ಬಿಗಿದು, ಅಲುಗಾಡಿ, ಸ್ಕ್ಯಾನು ಕೆಡಿಸಿಬಿಡುತ್ತಿದ್ದರು. ನಾನು ಮುಂಚೆಯೇ ಹೇಳಿದರೂ ಅದು ಗದರಿಸಿದ ಹಾಗೆ ಕೇಳುತ್ತಿತ್ತು. ಶಿವಮೂರ್ತಿಯ ವರಸೆಯೇ ಬೇರೆ. ಅವರ ಪಕ್ಕ ಬಗ್ಗಿ, "ಅವ್ವಾ, ಈಗ ಒಳ್ಗೆ ಬಿಸಿ ಅರೀತದೆ. ಉಚ್ಚೆ ಓದಂಗಾಯ್ತದೆ, ಓಗಿರಕಿಲ್ಲ, ನನ್ ಮಾತು ನಂಬು" ಎನ್ನುತ್ತಿದ್ದ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಆಮೇಲೆ ಕಲ್ಲಿನಂತೆ ಮಲಗುತ್ತಿದ್ದರು. ಅಷ್ಟು ಚೆನ್ನಾಗಿ ಚಿತ್ರ ಬರುತ್ತಿದ್ದುದು ಮಿಷನ್ನಿನಿಂದಲ್ಲ, ಆ ಮಾತಿನಿಂದ.

ಹುಟ್ಟಿನಿಂದಲೇ ರಕ್ತನಾಳ ತಪ್ಪಾಗಿ ಕೂಡಿಕೊಂಡಿರುವ ರೋಗಿಗಳು ಅಪರೂಪಕ್ಕೆ ಬರುತ್ತಿದ್ದರು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಕಳಿಸಿದ್ದನ್ನು ಬಿಡಿಸಿ ಹೇಳುವ ಪಾಡು ಇವನಿಗೇ ಬೀಳುತ್ತಿತ್ತು. ನಾಲೆಯ ನೀರು ತೂಬಿನಲ್ಲಿ ಇಳಿದು, ಗದ್ದೆಯಲ್ಲಿ ನಿಧಾನವಾಗಿ ಹರಡಿ, ಆಮೇಲೆ ಬಸಿಗಾಲುವೆ ಸೇರಬೇಕಲ್ಲವೇ, ನಿಮ್ಮ ತಲೆಯೊಳಗೆ ಒಂದು ಕಡೆ ನಾಲೆ ನೇರವಾಗಿ ಬಸಿಗಾಲುವೆಗೇ ಒಡೆದುಕೊಂಡಿದೆ ಎನ್ನುತ್ತಿದ್ದ. ಗದ್ದೆಗೆ ನೀರಿಲ್ಲ, ಬಸಿಗಾಲುವೆಗೆ ತಡೆಯಲಾರದ ರಭಸ, ಇವತ್ತಲ್ಲ ನಾಳೆ ಏರಿ ಕಿತ್ತುಹೋಗುತ್ತದೆ. ಎಲ್ಲಿ ಒಡೆದಿದೆ ಎಂದು ಗೊತ್ತಾದರೆ ಮುಚ್ಚಬಹುದು, ಅದಕ್ಕೇ ಈ ಔಷಧಿ. ನರಸೀಪುರದ ಕಡೆಯ ರೈತರು ಇದನ್ನು ಕೇಳಿ ತಲೆದೂಗುತ್ತಿದ್ದರು. ನಮ್ಮ ಡಾಕ್ಟರೇ ಒಂದು ಸಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ನಾನೂ ಇನ್ನು ಮೇಲೆ ಹೀಗೇ ಹೇಳುತ್ತೇನೆ ಎಂದಿದ್ದರು.

ಕಳೆದ ವರ್ಷ ಸಂಕ್ರಾಂತಿ ಆದ ಮರುವಾರ ಮಾದಮ್ಮ ಬಂದರು. ತಲಕಾಡಿನ ಹತ್ತಿರದ ಹಳ್ಳಿ, ಐವತ್ತೈದರ ವಯಸ್ಸು, ಗಟ್ಟಿ ಆಳು. ಎಂಟು ತಿಂಗಳಿಂದ ತಲೆನೋವು, ಬಲಗಿವಿಯೊಳಗೆ ಹೊಳೆ ಹರಿದ ಸದ್ದು. ಮೈಸೂರಿನ ಡಾಕ್ಟರು ಕಿವಿಯ ಹಿಂದೆ ಸ್ಟೆತಸ್ಕೋಪ್ ಇಟ್ಟರೆ ಅವರಿಗೂ ಆ ಸದ್ದು ಕೇಳಿತಂತೆ. ತಲೆಯ ರಕ್ತನಾಳದ ಸ್ಕ್ಯಾನು ಬರೆದು ಕೊಟ್ಟರು. ಮಗ ರಘು ತಾಂಡ್ಯದಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದುದರಿಂದ, ಮೈಸೂರಿನಲ್ಲಿ ದಿನಗಟ್ಟಲೆ ಸರದಿ ಕಾಯುವ ಬದಲು ನಮ್ಮಲ್ಲಿಗೆ ಕರೆತಂದ. ಆಯಮ್ಮ ಊರಲ್ಲಿ ದೊಡ್ಡ ಹೆಸರಿನವರು. ಅವರ ಮೈಮೇಲೆ ಮಾರಮ್ಮ ಬರುತ್ತಿದ್ದಳು. ಮಂಗಳವಾರ ಗುಡಿಯ ಮುಂದೆ ಜನ ಕೂತು ಮದುವೆ, ಬೋರ್‌ವೆಲ್ಲು, ಕಳೆದುಹೋದ ಎಮ್ಮೆ ಎಲ್ಲವನ್ನೂ ಕೇಳುತ್ತಿದ್ದರಂತೆ. ಅಂಥವರು ನಮ್ಮ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಶಿವಮೂರ್ತಿಯನ್ನು ಯಾರ ಮಗ, ಯಾವೂರು, ಎಷ್ಟು ಮಕ್ಕಳು ಎಂದು ವಿಚಾರಿಸಿಕೊಂಡು, ಅರ್ಧ ಗಂಟೆಯಲ್ಲಿ ಅವನನ್ನು ಮಗಾ ಎಂದು ಕರೆಯಲು ಶುರುಮಾಡಿದ್ದರು.

ಔಷಧಿ ಕೊಡುವ ಮುಂಚೆ ಒಂದು ಹಾಳೆ ತುಂಬಬೇಕು. ಆಸ್ತಮಾ ಇದೆಯೇ, ಕಿಡ್ನಿ ಸರಿ ಇದೆಯೇ, ಹಿಂದೆ ಈ ಔಷಧಿ ಕೊಟ್ಟಾಗ ಏನಾದರೂ ತೊಂದರೆ ಆಗಿತ್ತೇ. ಕೇಳಬೇಕಾದವಳು ನಾನು. ಜನ ಅವನ ಹತ್ತಿರ ಬಿಚ್ಚಿ ಮಾತಾಡುತ್ತಾರೆ ಎಂದು ನಾನು ಅದನ್ನು ಅವನಿಗೇ ಬಿಟ್ಟುಬಿಟ್ಟಿದ್ದೆ. ಅಂದೂ ಎಲ್ಲ ಪ್ರಶ್ನೆಗೂ ಇಲ್ಲ, ಇಲ್ಲ ಎಂದು ಅವನ ಕೈಬರಹವಿತ್ತು. ನಾನು ಓದದೆ ಕೆಳಗೆ ಸಹಿ ಮಾಡಿ, ಕೈಗೆ ಸೂಜಿ ಕೂರಿಸಿ, ಪಕ್ಕದ ಕೋಣೆಯ ರೋಗಿಯ ಕಡೆ ಹೋದೆ. ಡಾಕ್ಟರು ಮೇಲಿನ ಮಹಡಿಯಲ್ಲಿದ್ದರು. ಬೆಳಿಗ್ಗೆಯಿಂದ ಅವ್ವ ಏನೂ ತಿಂದಿಲ್ಲ ಎಂದು ರಘು ಇಡ್ಲಿ ತರಲು ಹೊರಗೆ ಹೋಗಿದ್ದ.

ಸ್ಕ್ಯಾನು ಒಂದು ನಿಮಿಷದೊಳಗೆ ಮುಗಿಯಿತು. ನಾನು ಪಕ್ಕದ ಕೋಣೆಯ ಕೆಲಸ ಮುಗಿಸಿ ಬಾಗಿಲು ತಳ್ಳಿದರೆ, ಶಿವಮೂರ್ತಿ ಮಿಷನ್ನಿನ ಪಕ್ಕ ಕೈ ಮುಗಿದು ನಿಂತಿದ್ದ. ಬರಿಗಾಲು. ಚಪ್ಪಲಿ ಬಿಚ್ಚಿ ಬಾಗಿಲ ಬಳಿ ಒತ್ತಟ್ಟಿಗೆ ಇಟ್ಟಿದ್ದ. ಮಲಗಿದ್ದ ಮಾದಮ್ಮನ ಮುಖ ಊದಿ, ತುಟಿ ನೀಲಿಗೆ ತಿರುಗಿತ್ತು. ನಾನು ಕೂಗಿಕೊಂಡೆ. ಬೆಲ್ಲು ಒತ್ತಿದೆ, ತೊಡೆಗೆ ಇಂಜೆಕ್ಷನ್ ಚುಚ್ಚಿದೆ, ಆಕ್ಸಿಜನ್ ಇಟ್ಟೆ, ಡಾಕ್ಟರು ಮೆಟ್ಟಿಲು ಹಾರಿಕೊಂಡೇ ಬಂದರು. ನಾಡಿ ಸಿಗಲಿಲ್ಲ. ಒಮ್ಮೆ ಸಿಕ್ಕಿತು, ಆಂಬುಲೆನ್ಸಿಗೆ ಹಾಕಿದೆವು. ಕಡಕೊಳ ದಾಟುವಷ್ಟರಲ್ಲಿ ಮುಗಿದುಹೋಗಿತ್ತು.

ಇಡ್ಲಿ ಪೊಟ್ಟಣ ಹಿಡಿದು ಬಂದ ರಘು ನಮ್ಮ ಹಿಂದೆಯೇ ಓಡಿ ಆಂಬುಲೆನ್ಸು ಹತ್ತಿದ್ದ. ಮೈಸೂರಿನ ಆಸ್ಪತ್ರೆಯ ಹೊರಗೆ ಶಿವಮೂರ್ತಿಯ ಎರಡು ತೋಳನ್ನೂ ಹಿಡಿದು ಏನಾಯಿತು ಎಂದು ಅಲ್ಲಾಡಿಸಿದ. ಶಿವಮೂರ್ತಿ ಬೆಪ್ಪಾಗಿ, ಮಾರಮ್ಮ ತಾಯಿ ಬಂದಿದ್ದಳು ಕಣಪ್ಪ, ನಾನು ಕೈ ಮುಗಿದುಕೊಂಡಿದ್ದೆ ಎಂದುಬಿಟ್ಟ. ಬಾಯಿ ತಪ್ಪಿ ಬಂದ ಮಾತಲ್ಲ, ಆ ಹೊತ್ತಿನಲ್ಲಿ ಅವನಿಗೆ ಬೇರೆ ಏನೂ ತೋಚಿರಲಿಲ್ಲ. ಆ ಒಂದು ಮಾತನ್ನು ರಘು ಗಟ್ಟಿಯಾಗಿ ಹಿಡಿದುಕೊಂಡ. ಅವರ ಮನೆಯವರೂ ಹಿಡಿದುಕೊಂಡರು. ತಾಯಿ ಬಂದವಳು ಕರೆದುಕೊಂಡೇ ಹೋದಳು ಎಂದು ದೂರು ಬೇಡ, ಹೆಣ ಕೊಯ್ಯುವುದೂ ಬೇಡ ಎಂದು ಊರಿಗೆ ಒಯ್ದರು. ನಮ್ಮ ಮಾಲೀಕರು ನನ್ನನ್ನೂ ಶಿವಮೂರ್ತಿಯನ್ನೂ ಒಳಗೆ ಕರೆದು ಬಾಯಿ ಮುಚ್ಚಿಕೊಂಡಿರಿ ಎಂದರು. ಅವರ ಮುಖದಲ್ಲಿ ಆಗ ಕಂಡ ನೆಮ್ಮದಿಗೆ ನನಗೆ ಇಂದಿಗೂ ಹೇಸಿಗೆಯಾಗುತ್ತದೆ.

ಅಂದು ಸಂಜೆ ಡಾಕ್ಟರು ಆ ಚಿತ್ರ ತೆರೆದರು, ನಾನೂ ನೋಡಿದೆ. ಅಷ್ಟು ಸ್ಪಷ್ಟವಾದ ಚಿತ್ರ ನಮ್ಮ ಮಿಷನ್ನಿನಲ್ಲಿ ಅದಕ್ಕೂ ಮುಂಚೆ ಬಂದಿರಲಿಲ್ಲ. ಕಿವಿಯ ಹಿಂಭಾಗದಲ್ಲಿ ಹೆಬ್ಬೆರಳ ತುದಿಯಷ್ಟು ನಾಳಗಳ ಗಂಟು, ಒಂದೊಂದು ಎಳೆಯೂ ಎಣಿಸುವ ಹಾಗಿತ್ತು. ಇದನ್ನು ತೊಡೆಯ ಮೂಲಕ ಸಣ್ಣ ನಳಿಗೆ ಹಾಯಿಸಿ ಮುಚ್ಚಬಹುದಿತ್ತು, ಆಯಮ್ಮ ಇನ್ನೂ ಇಪ್ಪತ್ತು ವರ್ಷ ಬದುಕುತ್ತಿದ್ದರು ಎಂದು ಡಾಕ್ಟರು ನಿಧಾನವಾಗಿ ಹೇಳಿದರು. ನಾನು ಆ ಬಿಳಿ ಗೆರೆಗಳನ್ನೇ ನೋಡುತ್ತಿದ್ದೆ. ಅಲ್ಲಿ ಬೆಳ್ಳಗೆ ಕಂಡದ್ದೆಲ್ಲ ಅವರನ್ನು ಕೊಂದ ಔಷಧಿಯೇ. ಚಿತ್ರ ಮುಗಿದ ಹೊತ್ತು ಮಿಷನ್ನಿನಲ್ಲಿ ದಾಖಲಾಗಿತ್ತು, ನಾನು ಇಂಜೆಕ್ಷನ್ ಕೊಟ್ಟ ಹೊತ್ತು ನನ್ನ ಪುಸ್ತಕದಲ್ಲಿತ್ತು. ನಡುವೆ ಐದು ನಿಮಿಷ.

ಮೂರನೇ ದಿನ ಮಧ್ಯಾಹ್ನ ಶಿವಮೂರ್ತಿ ನನ್ನನ್ನು ಹೊಳೆಯ ಕಡೆ ಬಾ ಅಕ್ಕಾ ಎಂದು ಕರೆದ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಹಾಳೆ ತುಂಬುವಾಗ, ಹಿಂದೆ ತೊಂದರೆ ಆಗಿತ್ತೇ ಎಂದು ಅವನು ಕೇಳಿಯೇ ಇದ್ದ. ನಾಲ್ಕು ತಿಂಗಳ ಹಿಂದೆ ಬೇರೆ ಕಡೆ ಒಂದು ಸ್ಕ್ಯಾನು ಆಗಿತ್ತು, ಅಲ್ಲೂ ಇದೇ ಔಷಧಿ ಹಾಕಿದ್ದರು. ತೊಂದರೆ ಏನೂ ಇಲ್ಲ ಸಾ, ಆದರೆ ಅವತ್ತು ಮಿಷನ್ನಿನ ಒಳಗೇ ಅವ್ವನ ಮೈಮೇಲೆ ತಾಯಿ ಬಂದುಬಿಟ್ಟಿದ್ದಳು ಎಂದು ರಘು ಹೇಳಿದನಂತೆ. ಮೈಯೆಲ್ಲ ಕೆಂಪಾಗಿ, ನಡುಗಿ, ಬುಸುಗುಟ್ಟಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯಿತಂತೆ. ಶಿವಮೂರ್ತಿಯೂ ನಕ್ಕು, ಇಲ್ಲ ಎಂದು ಬರೆದುಕೊಂಡ.

"ಬೇರೆ ಊರವನಾಗಿದ್ರೆ ಕೆಂಪಗಾಯ್ತಾ, ಕಡೀತಾ, ಉಸುರು ಕಟ್ತಾ ಅಂತ ಬುಡುಸಿ ಕೇಳ್ತಿದ್ದ ಕಣಕ್ಕಾ," ಎಂದ. "ನನಗೆ ಕೇಳ್ಬೇಕು ಅಂತ್ಲೇ ಅನ್ನುಸ್ನಿಲ್ಲ. ನಮ್ಮವ್ವನ್ಗೂ ಬರ್ತಿತ್ತಲ್ಲ."

ಮಹದೇವಮ್ಮನ ಮೈಮೇಲೆ ದೇವರು ಬರುವಾಗ ಆರು ವರ್ಷದ ಶಿವಮೂರ್ತಿ ಬೇವಿನ ಸೊಪ್ಪು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದನಂತೆ. ಚಪ್ಪಲಿ ಮೆಟ್ಟಿ ನಿಲ್ಲಬಾರದು. ಮುಟ್ಟಬಾರದು. ಹೆಸರು ಹಿಡಿದು ಕರೆಯಬಾರದು. ನುಡಿ ಬರುವವರೆಗೆ ಕೈ ಮುಗಿದು ಕಾಯಬೇಕು. ಗಾಜಿನಾಚೆಯ ಕೋಣೆಯಲ್ಲಿ ಚಿತ್ರ ಮುಗಿಸಿ ಮಿಷನ್ನಿನ ಬಳಿ ಹೋದಾಗ ಮಾದಮ್ಮ ನಡುಗುತ್ತಿದ್ದರು, ಕಣ್ಣು ಮೇಲೆ ಹೋಗಿತ್ತು, ಬುಸುಗುಟ್ಟುತ್ತಿದ್ದರು. ಇವನ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಬೆಲ್ಲು ಕೈಯಳತೆಯಲ್ಲೇ ಇತ್ತು. ಹದಿನಾಲ್ಕು ವರ್ಷದ ಕೆಲಸ, ಗೋಡೆಯ ಮೇಲೆ ಅಂಟಿಸಿದ್ದ ಎಚ್ಚರಿಕೆಯ ಪಟ್ಟಿ, ಯಾವುದೂ ಆ ಐದು ನಿಮಿಷ ಅವನ ತಲೆಗೆ ಬರಲಿಲ್ಲ.

ನಾನು ಬಾಯಿಗೆ ಬಂದ ಹಾಗೆ ಬೈದೆ. ಓದಿದವನೇನೋ ನೀನು ಎಂದೆ, ಅದಕ್ಕಿಂತ ಕೆಟ್ಟದ್ದೂ ಅಂದೆ. ಆಮೇಲೆ ನಾನೇ ಹೇಳಿದೆ, ಹೋಗಿ ರಘುವಿಗೆ ನಿಜ ಹೇಳು, ಹೇಳದಿದ್ದರೆ ನೀನು ಮನುಷ್ಯನಲ್ಲ ಎಂದು. ನನಗೆ ನ್ಯಾಯ ಬೇಕಾಗಿತ್ತು ಎಂದೇ ಆಗ ನಂಬಿದ್ದೆ. ಆ ಹಾಳೆಯ ಕೆಳಗಿನ ನನ್ನ ಸಹಿ ನನ್ನನ್ನು ಸುಡುತ್ತಿತ್ತು, ಯಾರಾದರೂ ಎಲ್ಲವನ್ನೂ ಹೇಳಿ ಮುಗಿಸಿದರೆ ಸಾಕಾಗಿತ್ತು, ಅಷ್ಟೇ. ಅವನಿಗೆ ಭಯವಿತ್ತು. ಕೆಲಸ ಹೋಗುವ ಭಯ, ಜೈಲಿನ ಭಯ, ಎರಡಕ್ಕಿಂತ ಹೆಚ್ಚಾಗಿ ರಘುವಿನ ಮುಖ ನೋಡುವ ಭಯ. ಆದರೂ ಹೇಳುತ್ತೇನೆ ಎಂದು ಒಪ್ಪಿಕೊಂಡ.

ರಘುವೇ ಬಂದು ತಿಥಿಗೆ ಕರೆದ. ಅವ್ವನ ಕೊನೆಗಾಲದಲ್ಲಿ ತಾಯಿಗೆ ಕೈ ಮುಗಿದವರು ನೀವೊಬ್ಬರೇ, ನೀವು ಬರದೆ ಎಡೆ ಇಡುವುದಿಲ್ಲ ಎಂದ. ಹನ್ನೊಂದನೇ ದಿನ ನಾನು, ಶಿವಮೂರ್ತಿ ನರಸೀಪುರದ ಬಸ್ಸು ಹತ್ತಿದೆವು, ಅಲ್ಲಿಂದ ತಲಕಾಡಿನ ಬಸ್ಸು. ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದ. ಊರಿನಲ್ಲಿ ನಮ್ಮನ್ನು ಬೀಗರ ಹಾಗೆ ಬರಮಾಡಿಕೊಂಡರು. ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, ಹೆಂಗಸರು ಶಿವಮೂರ್ತಿಯ ಕೈಯನ್ನು ಕಣ್ಣಿಗೊತ್ತಿಕೊಂಡರು. ನಾನು ಅದನ್ನು ನೋಡಲಾರದೆ ಬೇರೆ ಕಡೆ ತಿರುಗಿದೆ.

ಎಡೆ ಇಡುವ ಮುಂಚೆ ಎಲ್ಲರೂ ಮಾರಮ್ಮನ ಗುಡಿಯ ಮುಂದೆ ಸೇರಿದರು. ಆ ಊರಿನಲ್ಲೊಂದು ಪದ್ಧತಿಯಿತ್ತು, ನಮಗಿಬ್ಬರಿಗೂ ಗೊತ್ತಿರಲಿಲ್ಲ. ದೇವರು ಬರುವವರು ತೀರಿಕೊಂಡರೆ, ಅವರ ಬಾಯಲ್ಲಿ ಬಂದ ಕೊನೆಯ ನುಡಿಯನ್ನು ಕೇಳಿದವರೇ ಗುಡಿಯ ಮುಂದೆ ನಿಂತು ಹೇಳಬೇಕು. ಅದು ಊರಿಗೆ ಅಪ್ಪಣೆ. ಮುದುಕರು, ಮಕ್ಕಳು, ನೂರಕ್ಕೆ ಮೇಲೆ ಜನ ಸದ್ದಿಲ್ಲದೆ ಕೂತಿದ್ದರು. ತಲೆ ಬೋಳಿಸಿಕೊಂಡಿದ್ದ ರಘು ಮುಂದೆ ಬಂದು, ಶಿವಮೂರ್ತಿಗೆ ಕೈ ಮುಗಿದು ಕೇಳಿದ.

"ಕೊನೇಲಿ ತಾಯಿ ಏನ್ ನುಡುದ್ಲು ಸಾ?"

ಶಿವಮೂರ್ತಿಗೆ ಒಂದು ಸುಳ್ಳು ಸಾಕಾಗಿತ್ತು. ಊರು ಚೆನ್ನಾಗಿರಲಿ ಎಂದಳು ಎಂದಿದ್ದರೆ ಅಷ್ಟೂ ಜನ ಅತ್ತು, ನಮಸ್ಕರಿಸಿ, ಉಂಡು ಮನೆಗೆ ಹೋಗುತ್ತಿದ್ದರು. ಅವನು ನನ್ನ ಕಡೆ ನೋಡಿದ. ನಾನು ಹೇಳು ಎನ್ನುವಂತೆ ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನನ್ನ ಪಾಲು.

"ತಾಯಿ ನುಡೀನಿಲ್ಲ ಕಣಪ್ಪ," ಎಂದ. "ನುಡುದ್ದು ನಿಮ್ಮವ್ವ. ಉಸುರು ಸಿಕ್ತಾ ಇಲ್ಲ ಕಣ್ ಮಗಾ, ಮ್ಯಾಲಕ್ಕೆತ್ತು, ಅಂದ್ರು. ಎರಡು ಸತಿ ಅಂದ್ರು. ನಾನು ಕೈ ಮುಗ್ಕೊಂಡು ನಿಂತಿದ್ದೆ."

ಆಮೇಲೆ ಉಳಿದದ್ದನ್ನೂ ಹೇಳಿದ. ಅದು ದೇವರಲ್ಲ, ಔಷಧಿ ಮೈಗೆ ಒಗ್ಗದೆ ಆದದ್ದು ಎಂದ. ಕೂಡಲೇ ಇಂಜೆಕ್ಷನ್ ಕೊಟ್ಟಿದ್ದರೆ ಬದುಕುವ ಸಾಧ್ಯತೆಯಿತ್ತು, ತಾನು ಐದು ನಿಮಿಷ ಕಳೆದೆ, ತಪ್ಪು ತನ್ನದು, ದೂರು ಕೊಡಿ ಎಂದ. ಎಲ್ಲೂ ನಿಲ್ಲಿಸಲಿಲ್ಲ. ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ಹಿಂದಿನಿಂದ ಇಬ್ಬರು ಗಂಡಸರು ಎದ್ದು ನಿಂತರು, ಹೊಡೆದೇಬಿಡುತ್ತಾರೆ ಎಂದುಕೊಂಡೆ. ಶಿವಮೂರ್ತಿಯೂ ಅದಕ್ಕೆ ಸಿದ್ಧನಾಗಿದ್ದ. ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ರಘು ಕೈ ಅಡ್ಡ ಹಿಡಿದು ಅವರನ್ನು ಕೂರಿಸಿದ. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಏನನ್ನೋ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಿದ್ದವನಂತೆ ಕಂಡ.

"ಅಂಗಾದ್ರೆ ಓದ್ಸತಿ ಮಿಸನ್ನಲ್ಲಿ ಬಂದಿದ್ದೂ ತಾಯಿ ಅಲ್ವಾ ಸಾ?"

ಶಿವಮೂರ್ತಿ ಅಲ್ಲ ಎಂದ.

"ಅವ್ವನ್ ಮೈಗೆ ಔಸ್ದಿ ಆಗ್ನಿಲ್ಲ ಅಂತ ಅವತ್ತೇ ನಾನು ಯೋಳಿದ್ರೆ, ನೀವು ಆಕ್ತಿದ್ರಾ?"

ಅಷ್ಟು ದಿನ ನಮ್ಮಿಬ್ಬರ ತಪ್ಪನ್ನು ತೂಗಿ ತೂಗಿ ನೋಡಿದ್ದೆವಲ್ಲ, ಈ ಪ್ರಶ್ನೆ ಬರುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಶಿವಮೂರ್ತಿ ಗಾಬರಿಯಿಂದ ರಘುವಿನ ಕೈ ಹಿಡಿದುಕೊಂಡ. ಕೇಳಬೇಕಾದವನು ನಾನು, ಬಿಡಿಸಿ ಕೇಳದೆ ಹೋದವನು ನಾನು, ನಿನ್ನದೇನೂ ಇಲ್ಲ ಕಣಪ್ಪ ಎಂದು ಅಂಗಲಾಚಿದ. ನಿನ್ನ ಮೇಲೆ ಯಾಕೆ ಹಾಕಿಕೊಳ್ಳುತ್ತೀಯ, ಹಾಳೆಗೆ ಸಹಿ ಹಾಕಿದವಳು ನಾನು ಎಂದು ನಾನೂ ಕೂಗಿದೆ. ರಘುವಿಗೆ ನಮ್ಮ ಮಾತು ಕೇಳಿಸಿದಂತೆ ಕಾಣಲಿಲ್ಲ. ಅವನಿಗೆ ಬೇಕಾಗಿದ್ದುದು ಆಕ್ತಿದ್ರಾ ಎನ್ನುವ ಪ್ರಶ್ನೆಗೆ ಉತ್ತರ. ನಾವು ಯಾರೂ ಅದನ್ನು ಹೇಳದೆ ಇದ್ದುದರಲ್ಲೇ ಅವನಿಗೆ ಸಿಕ್ಕಿತು.

ಮೆಲ್ಲಗೆ ಕೈ ಬಿಡಿಸಿಕೊಂಡು ಗುಡಿಯ ಜಗಲಿಯ ಮೇಲೆ ಕೂತ. ನಮ್ಮನ್ನು ಊಟ ಮಾಡಿಸಿ ಕಳಿಸಿ ಎಂದು ಯಾರಿಗೋ ಹೇಳಿದ. ನಾವು ಉಣ್ಣಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಮುದುಕರು ಅವನ ಹತ್ತಿರ ಹೋಗಿ ತಲೆ ಸವರಿ ಸಮಾಧಾನ ಹೇಳುತ್ತಿದ್ದರು, ಅವನು ಪ್ರತಿಯೊಬ್ಬರ ಮುಖ ನೋಡಿಯೂ ಅದೊಂದನ್ನೇ ಹೇಳುತ್ತಿದ್ದ. ನಾವು ಬಸ್ಸಿಗೆಂದು ಎದ್ದು ಹೊರಟಾಗಲೂ ಅದು ನಮಗೆ ಕೇಳಿಸುತ್ತಿತ್ತು.

"ನಾನು ನಗ್ತಾ ನಗ್ತಾ ಯೋಳ್ದೆ ಕಣಣ್ಣ. ತಾಯಿ ಬಂದಿದ್ಲು ಅಂತ, ನಗ್ತಾ ಯೋಳ್ದೆ."